ಬಟನ್ ಒತ್ತಿದರೆ ಸಾಕು: ಹಳೇ ಮಷಿನ್‌ಗೆ ಲಿನಕ್ಸ್ ಕೂರಿಸಿದ ನನ್ನ ಅನುಭವ

ವಿಂಡೋಸ್ ಬದಲು ಲಿನಕ್ಸ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದ ಹಳೇ ಕಂಪ್ಯೂಟರ್ ಮಾರಿದರೆ ವಾರದೊಳಗೆ ವಾಪಸ್ ಬರುತ್ತದೆ ಅಂತ ಹುಬ್ಬಳ್ಳಿಯ ನಮ್ಮ ರಿಪೇರಿ ಮಂದಿಯೆಲ್ಲ ಹೇಳುತ್ತಿದ್ದರು. "ನಡ್ಯಂಗಿಲ್ಲ ಬಿಡೋ ತಮ್ಮಾ, ಮಂದಿಗೆ ವಿಂಡೋಸ್ ಬೇಕು" ಅನ್ನೋದು ದಾಜಿಬಾನ್ ಪೇಟೆಯ ಹಿರಿಯರೊಬ್ಬರ ಕಾಯಂ ಮಾತು. ಈಗ ಅವರೇ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಒಂದೂವರೆ ವರ್ಷದಲ್ಲಿ ನೂರೈವತ್ತರ ಆಸುಪಾಸು ಮಷಿನ್ ನನ್ನ ಅಂಗಡಿಯಿಂದ ಹೀಗೆ ಹೋಗಿವೆ. ಧಾರವಾಡದ ಸಪ್ತಾಪುರಕ್ಕೆ ಕೋಚಿಂಗ್‌ಗೆ ಬಂದ ಹುಡುಗ ಹುಡುಗಿಯರು ಜಾಸ್ತಿ. ಆಮೇಲೆ ನರಗುಂದ, ಶಿಗ್ಗಾಂವಿ, ಗದಗ ಕಡೆಯ ಮನೆಗಳು. ಮೊದಲು ಹತ್ತಕ್ಕೆ ನಾಲ್ಕೈದು ವಾಪಸ್ ಬರುತ್ತಿದ್ದವು. ಈಗ ಒಂದು ಬಂದರೆ ಹೆಚ್ಚು, ಅದೂ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡೋ ಡಬ್ಬಿ) ಸುಟ್ಟು.

ಯಾವ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಒಳ್ಳೇದು ಅನ್ನೋ ಚರ್ಚೆ ಬೇಡ. ಹಳೇ ಮಷಿನ್‌ಗೆ ಒಗ್ಗೋ ಹಗುರ ಡಿಸ್ಟ್ರೋಗಳಾದ ಪಪ್ಪಿ, ಆಂಟಿಎಕ್ಸ್ ಎರಡನ್ನೂ ನೀವು ಹಾಕಿ ನೋಡಿರುತ್ತೀರಿ. ವಾಪಸ್ ಬಂದ ಮಷಿನ್‌ಗಳ ಗಿರಾಕಿಗಳನ್ನು ಕೂರಿಸಿಕೊಂಡು ಕೇಳಿದೆ. ಡೆಸ್ಕ್‌ಟಾಪ್ ಕಂಡ ಮೇಲೆ ಯಾರಿಗೂ ತೊಂದರೆ ಇರಲಿಲ್ಲ. ಬ್ರೌಸರ್ ಇದೆ, ಪಿಡಿಎಫ್ ತೆರೆಯುತ್ತೆ, ಅಷ್ಟು ಸಾಕು. ಗೋಳೆಲ್ಲ ಬಟನ್ ಒತ್ತಿದ ಮೇಲಿನ ಅರ್ಧ ನಿಮಿಷದ್ದು. "ಸರ, ಕರೀ ಪರದೆ ಬರ್ತದ, ಇಂಗ್ಲಿಷನ್ಯಾಗ ಏನೋ ಕೇಳ್ತದ" ಅನ್ನೋ ಫೋನ್ ದಿನಕ್ಕೊಂದಾದರೂ ಬರುತ್ತಿತ್ತು.

ಮೊದಲು ಮಷಿನ್ ಜೊತೆ ವೆಂಟಾಯ್ ಪೆನ್‌ಡ್ರೈವ್ ಕೊಡುತ್ತಿದ್ದೆ, ಅಂದರೆ ಹಲವು ಸಿಸ್ಟಂಗಳನ್ನು ಒಂದರಲ್ಲೇ ಇಟ್ಟು ಅದರಿಂದಲೇ ಶುರು ಮಾಡೋ ಪೆನ್‌ಡ್ರೈವ್. ನಮ್ಮಂಥವರಿಗೆ ಅದು ಬಂಗಾರ, ಇವತ್ತಿಗೂ ನನ್ನ ಜೇಬಿನಲ್ಲಿ ಒಂದಿರುತ್ತದೆ. ಹೊಸಬರಿಗೆ ಆಗಿಬರಲಿಲ್ಲ. ಮೊದಲು ವೆಂಟಾಯ್ ಮೆನು, ಅದರಲ್ಲಿ ಐಎಸ್‌ಒಗಳ (ಇಡೀ ಸಿಸ್ಟಂ ಇರುವ ಫೈಲ್‌ಗಳ) ಮಾರುದ್ದದ ಹೆಸರು. ಎಂಟರ್ ಒತ್ತಿದರೆ ನಾರ್ಮಲ್ ಮೋಡೋ ಗ್ರಬ್2 ಮೋಡೋ ಅಂತ ಇನ್ನೊಂದು ಮೆನು. ಅದು ದಾಟಿದರೆ ಡಿಸ್ಟ್ರೋದ್ದೇ ಮೂರನೇ ಮೆನು. ಸೆಕ್ಯೂರ್ ಬೂಟ್ (ಗುರುತಿಲ್ಲದ ಸಿಸ್ಟಂ ಶುರುವಾಗದಂತೆ ತಡೆಯೋ ಕಾವಲು) ಇರುವ ಲ್ಯಾಪ್‌ಟಾಪ್ ಆದರೆ ಇದಕ್ಕೆಲ್ಲ ಮೊದಲೇ ಕೀ ಸೇರಿಸಿ ಅನ್ನೋ ನೀಲಿ ಪರದೆ. ವೆಂಟಾಯ್‌ನ ಸೆಟಿಂಗ್ ಇರುವ ಜೇಸನ್ ಫೈಲ್‌ನಲ್ಲಿ ಹೆಸರು ಬದಲಿಸಿದೆ, ಎರಡನೇ ಮೆನು ಮುಚ್ಚಿದೆ, ತಾನಾಗೇ ಬೂಟ್ (ಶುರು) ಆಗೋ ಹಾಗೆ ಸಮಯ ಕೊಟ್ಟೆ. ಆದರೂ ಪೆನ್‌ಡ್ರೈವ್‌ನಿಂದ ಬೂಟ್ ಮಾಡೋಕೆ ಎಫ್12 ಒತ್ತೋದು ಯಾರು? ಒಂದು ಕಂಪನಿಗೆ ಎಫ್12, ಇನ್ನೊಂದಕ್ಕೆ ಎಫ್9, ಮತ್ತೊಂದಕ್ಕೆ ಎಸ್ಕೇಪ್. ಸ್ಟಿಕ್ಕರ್ ಅಂಟಿಸಿದೆ, ಮಕ್ಕಳು ಕಿತ್ತರು.

ದುಡ್ಡು ಸಹ ಅಲ್ಲೇ ಹೋಯಿತು. ಮುನ್ನೂರು ರೂಪಾಯಿಯ ಪೆನ್‌ಡ್ರೈವ್‌ಗಳನ್ನು ಐವತ್ತರ ಲೆಕ್ಕದಲ್ಲಿ ತರಿಸಿದ್ದೆ. ಮೂರನೇ ಒಂದು ಭಾಗ ನಾಲ್ಕು ತಿಂಗಳೂ ಬಾಳಲಿಲ್ಲ. 32 ಜಿಬಿ ಅಂತ ಬರೆದವುಗಳಲ್ಲಿ ಕೆಲವು ಎಂಟು ಜಿಬಿ ದಾಟಿದ ಕೂಡಲೇ ಬರೆದದ್ದನ್ನೇ ಮತ್ತೆ ಅಳಿಸುತ್ತಿದ್ದವು. ಹನ್ನೆರಡು ಸಾವಿರದ ಹತ್ತಿರ ಹಾಗೇ ಕರಗಿತು. ಮನೆಯಲ್ಲಿ ಈ ಲಿನಕ್ಸ್ ಹುಚ್ಚು ಸಾಕು ಅಂದರು.

ಆಮೇಲೆ ಪೆನ್‌ಡ್ರೈವ್ ಬಿಟ್ಟು ಹಾರ್ಡ್‌ಡಿಸ್ಕ್‌ಗೇ ಪೂರ್ತಿ ಇನ್‌ಸ್ಟಾಲ್ ಮಾಡಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋಗೋದು ನಿಮಗೆ ಗೊತ್ತೇ ಇದೆ, ಹಳ್ಳಿಯಲ್ಲಿ ಯುಪಿಎಸ್ ಯಾರಿಟ್ಟಿರುತ್ತಾರೆ? ನಾಲ್ಕು ಸಲ ಕರೆಂಟ್ ಹೋದರೆ ಡಿಸ್ಕ್‌ನ ಕಡತವ್ಯವಸ್ಥೆ ಕೆಟ್ಟು, ಐದನೇ ಸಲ ಸಿಸ್ಟಂ ಪೂರ್ತಿ ಏಳದೆ ಬ್ಯುಸಿಬಾಕ್ಸ್ ಅನ್ನೋ ಕರೀ ಪರದೆ ಬಂದು ಇನಿಟ್‌ರ್ಯಾಮ್‌ಎಫ್‌ಎಸ್ ಅಂತ ಕಂಸದೊಳಗೆ ತೋರಿಸಿ ಕೂತುಬಿಡುತ್ತದೆ. ಫೋನ್‌ನಲ್ಲಿ ಡಿಸ್ಕ್ ರಿಪೇರಿಯ ಎಫ್‌ಎಸ್‌ಸಿಕೆ ಕಮಾಂಡ್ ಹೇಳಿಕೊಟ್ಟು ಮಾಡಿಸೋದು ನನ್ನ ಕೈಲಾಗಲ್ಲ, ಅವರ ಕೈಲೂ ಆಗಲ್ಲ.

ಕೊನೆಗೆ ಗೆದ್ದಿದ್ದು ಫ್ರೂಗಲ್ ಇನ್‌ಸ್ಟಾಲ್, ಅಂದರೆ ಸಿಸ್ಟಂನ ಕೆಲವೇ ಫೈಲ್‌ಗಳನ್ನು ಡಿಸ್ಕ್‌ನ ಒಂದು ಫೋಲ್ಡರ್‌ನಲ್ಲಿ ಇಟ್ಟು ಓಡಿಸೋದು. ಬ್ಯಾರಿ ಕೌಲರ್ 2003ರಲ್ಲಿ ಪಪ್ಪಿ ಶುರು ಮಾಡಿದಾಗಿನಿಂದ ಅದರ ಜೀವಾಳ ಒಂದೇ: ಸಿಸ್ಟಂ ಮುಟ್ಟಬಾರದ ಒಂದು ಫೈಲ್ ಆಗಿ ಕೂತಿರುತ್ತದೆ, ರ‍್ಯಾಮ್‌ನಲ್ಲಿ ಓಡುತ್ತದೆ. ನಾನು ಪಪ್ಪಿಯದೇ ಒಂದು ಆವೃತ್ತಿಯಾದ ಫೊಸಾಪಪ್ 64 ಹಿಡಿದೆ, 400 ಎಂಬಿ ಚಿಲ್ಲರೆ ಅಷ್ಟೇ. 120 ಜಿಬಿ ಎಸ್‌ಎಸ್‌ಡಿ ಆಗ ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ಅದರಲ್ಲಿ ಎರಡು ಫೋಲ್ಡರ್, ಎರಡರಲ್ಲೂ ಒಂದೇ ಸಿಸ್ಟಂನ ಪ್ರತಿ. ಒಂದು ದಿನಬಳಕೆಗೆ, ಇನ್ನೊಂದು ಯಾರೂ ಮುಟ್ಟದ್ದು.

ಇಷ್ಟಕ್ಕೇ ಪಪ್ಪಿ ಹೊಸಬರಿಗೆ ಸುಲಭ ಆಗಲ್ಲ. ಮೊದಲ ಸಲ ಶಟ್‌ಡೌನ್ ಮಾಡುವಾಗ ಅದು ಸೇವ್ ಎಲ್ಲಿ, ಹೆಸರೇನು, ಸೈಜ್ ಎಷ್ಟು, ಪಾಸ್‌ವರ್ಡ್ ಬೇಕಾ ಅಂತ ಸಾಲಾಗಿ ಕೇಳುತ್ತದೆ. ಅಲ್ಲಿ ಹೆದರಿ ಪ್ಲಗ್ ಕಿತ್ತವರೇ ಜಾಸ್ತಿ. ಹಾಗಾಗಿ ಸೇವ್ ಫೋಲ್ಡರ್ ಅಂಗಡಿಯಲ್ಲೇ ಮಾಡಿಟ್ಟು, ಟೈಮ್‌ಝೋನ್, ಕೀಬೋರ್ಡ್, ಪರದೆಯ ಅಳತೆ ಎಲ್ಲ ಮುಗಿಸಿಯೇ ಕೊಡುತ್ತೇನೆ. ಬೂಟ್ ಸಾಲಿನಲ್ಲಿ ಡಿಸ್ಕ್ ಯಾವ ಬಗೆಯದು ಅಂತ ಹೇಳೋ ಪಿಮೀಡಿಯಾಗೆ, ಎಸ್‌ಎಸ್‌ಡಿ ಇದ್ದರೂ ಯುಎಸ್‌ಬಿ ಫ್ಲ್ಯಾಶ್ ಅಂತಲೇ ಕೊಡಿ. ಆಗ ಸೆಟಿಂಗ್‌ಗಳು ಕ್ಷಣಕ್ಷಣಕ್ಕೂ ಡಿಸ್ಕ್‌ಗೆ ಹೋಗಲ್ಲ, ಕರೆಂಟ್ ಹೋದರೂ ಸಿಸ್ಟಂ ಕೆಡಲ್ಲ. ಆದರೆ ಹುಡುಗರ ನೋಟ್ಸ್ ಹೋಗಬಾರದಲ್ಲ. ಅದಕ್ಕೆ ಡಿಸ್ಕ್‌ನಲ್ಲೇ ಬೇರೆ ಪಾಲು (ಪಾರ್ಟಿಷನ್), ನೇರವಾಗಿ ಡಿಸ್ಕ್‌ಗೇ ಬರೆಯೋದು, ಡೆಸ್ಕ್‌ಟಾಪ್ ಮೇಲೆ "ನನ್ನ ಕಡತ" ಅಂತ ಒಂದು ಐಕಾನ್. ಆ ಪಾರ್ಟಿಷನ್ ಸಿಸ್ಟಂ ಎದ್ದ ಮೇಲೆ ತೆರೆಮರೆಯಲ್ಲೇ ರಿಪೇರಿ ಆಗಿ ಬಳಕೆಗೆ ತೆರೆದುಕೊಳ್ಳುತ್ತದೆ, ಯಾರನ್ನೂ ಏನೂ ಕೇಳಲ್ಲ.

ಇನ್ನು ಬಟನ್ ಒತ್ತಿದ ಕೂಡಲೇ ಬರೋ ಮೆನು. ಅದನ್ನು ತೋರಿಸಿ ಸಿಸ್ಟಂ ಎಬ್ಬಿಸೋ ಸಾಫ್ಟ್‌ವೇರ್ ಹೆಸರು ಗ್ರಬ್. ಕನ್ನಡದಲ್ಲೇ ಇರಬೇಕು ಅಂತ ನನ್ನ ಹಟ. ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಗ್ರಬ್‌ಗೆ ಬೇಕಾದ ಪಿಎಫ್2 ಬಗೆಯ ಫಾಂಟ್ ಫೈಲ್ ಮಾಡಿ ಹಾಕಿದೆ. ಅಕ್ಷರ ಬಂದವು, ಒತ್ತಕ್ಷರ ಬರಲಿಲ್ಲ. "ಮತ್ತೆ" ಅನ್ನೋದು ಮ, ತ, ಒಂದು ಅರ್ಧಾಕ್ಷರದ ಚಿಹ್ನೆ, ಇನ್ನೊಂದು ತ, ಪಕ್ಕದಲ್ಲಿ ಒಂಟಿಯಾಗಿ ಏತ್ವ, ಹೀಗೆ ಸಾಲಾಗಿ ನಿಂತಿತ್ತು. ನಮ್ಮ ಲಿಪಿಯನ್ನು ಜೋಡಿಸುವ ಕೆಲಸ ಗ್ರಬ್ ಮಾಡಲ್ಲ. ಎಷ್ಟೋ ರಾತ್ರಿ ಅದರ ಹಿಂದೆ ಬಿದ್ದೆ. ಆಮೇಲೆ ಗಿಂಪ್ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್‌ನಲ್ಲಿ ಪಿಎನ್‌ಜಿ ಚಿತ್ರ ಮಾಡಿ, ಅದರಲ್ಲೇ ಕನ್ನಡ ಬರೆದು ಹಿನ್ನೆಲೆಗೆ ಹಾಕಿದೆ. ಮೆನುವಿನಲ್ಲಿ ಬರೀ ಅಂಕಿ. 1 ಅಂದರೆ "ದಿನಾ ಬಳಸೋದು", ಹಸಿರು ಪಟ್ಟಿ. 2 ಅಂದರೆ "ಕೆಟ್ಟರೆ ಇದನ್ನು ಒತ್ತಿ", ಕೆಂಪು ಪಟ್ಟಿ. ಗ್ರಬ್‌ನಲ್ಲಿ ಹಾಟ್‌ಕೀ (ಒಂದೇ ಕೀಲಿಯ ಗುರುತು) ಕೊಡಬಹುದಲ್ಲ, ಅಂಕಿ ಒತ್ತಿದರೆ ನೇರ ಬೂಟ್. ಏನೂ ಒತ್ತದಿದ್ದರೆ ಐದು ಸೆಕೆಂಡಿಗೆ 1. ಚಿತ್ರದ ಅಳತೆ 1024x768ಕ್ಕೇ ಇಡಿ, ಹಳೇ ಗ್ರಾಫಿಕ್ಸ್ ಚಿಪ್‌ಗಳಲ್ಲಿ 1366x768 ಬೂಟ್ ಹೊತ್ತಿಗೆ ಸಿಗೋದೇ ಅಪರೂಪ.

ನನಗೆ ಹೆಮ್ಮೆ ಇರೋದು ಇದರ ಮೇಲೆ: ಗ್ರಬ್ ಬೂಟ್ ಮಾಡುವ ಮೊದಲು ತನ್ನ ನೆನಪಿಗಿರೋ ಎನ್ವ್ ಫೈಲ್‌ನಲ್ಲಿ ಒಂದು ಗುರುತು ಹಾಕುತ್ತದೆ. ಡೆಸ್ಕ್‌ಟಾಪ್ ಪೂರ್ತಿ ಎದ್ದ ಮೇಲೆ ಒಂದು ಸ್ಕ್ರಿಪ್ಟ್ ಆ ಗುರುತು ಅಳಿಸುತ್ತದೆ. ಗುರುತು ಹಾಗೇ ಉಳಿದಿದ್ದರೆ ಹೋದ ಸಲ ಎದ್ದಿಲ್ಲ ಅಂತ ಅರ್ಥ, ಆಗ ಗ್ರಬ್ ತಾನೇ 2ಕ್ಕೆ ಹೋಗುತ್ತದೆ. ಉಬುಂಟು ಅನ್ನೋ ಡಿಸ್ಟ್ರೋದಲ್ಲಿರೋ ಇಂಥದ್ದೇ ರೆಕಾರ್ಡ್‌ಫೇಲ್ ಬಲ್ಲವರಿಗೆ ಇದು ಹೊಸದಲ್ಲ. 2ರಲ್ಲಿ ಎದ್ದ ಮೇಲೆ ಕೆಟ್ಟ 1ನ್ನು ನೋಟ್ಸ್ ಮುಟ್ಟದೆ ಹೇಗೆ ಸರಿಮಾಡುತ್ತೇನೆ ಅನ್ನೋದು ನನ್ನ ಹೊಟ್ಟೆಪಾಡಿನ ಗುಟ್ಟು. ಹತ್ತು ಹನ್ನೆರಡು ಸಾಲಿನ ಸ್ಕ್ರಿಪ್ಟ್, ಅದನ್ನಿಲ್ಲಿ ಹಾಕಲ್ಲ.

ಎಲ್ಲಕ್ಕಿಂತ ಅಗ್ಗದ ಮದ್ದು ಸಿಆರ್2032 ಸೆಲ್, ಮದರ್‌ಬೋರ್ಡ್ ಮೇಲೆ ಗಡಿಯಾರ ಮತ್ತು ಸೆಟಿಂಗ್ ಕಾಯೋ ಬಿಲ್ಲೆಯಂಥ ಬ್ಯಾಟರಿ. ಹಳೇ ಬೋರ್ಡ್‌ನಲ್ಲಿ ಅದು ಸತ್ತೇ ಇರುತ್ತದೆ. ತಾರೀಖು ಹಿಂದೆ ಹೋಗಿ ಬ್ರೌಸರ್‌ನಲ್ಲಿ ಸರ್ಟಿಫಿಕೇಟ್ ತಪ್ಪು ಅಂತ ಬರುತ್ತೆ, ಬೂಟ್ ಕ್ರಮ ಮರೆಯುತ್ತೆ, ಎಫ್1 ಒತ್ತಿ ಅನ್ನುತ್ತೆ. ಗಿರಾಕಿ ಲಿನಕ್ಸ್ ಕೆಟ್ಟಿತು ಅಂತಾನೆ. ಮೂವತ್ತು ರೂಪಾಯಿ, ಕಣ್ಣು ಮುಚ್ಚಿ ಬದಲಿಸಿ.

ನಡುವೆ ಗದಗದ ಒಂದು ಟ್ಯೂಷನ್ ಕ್ಲಾಸಿಗೆ ಡಿಸ್ಕ್ ಇಲ್ಲದೆ ಒಂದೇ ಸರ್ವರ್‌ನಿಂದ ಕೇಬಲ್ ಮೂಲಕ ಎಲ್ಲ ಮಷಿನ್ ಎಬ್ಬಿಸೋ ನೆಟ್‌ವರ್ಕ್ ಬೂಟ್ ಮಾಡಿ ನೋಡಿದೆ. ಅದಕ್ಕೆ ಬೇಕಾದ ಡಿಎನ್‌ಎಸ್‌ಮಾಸ್ಕ್, ಐಪಿಎಕ್ಸ್‌ಇ ಸಾಫ್ಟ್‌ವೇರ್, ಒಂದು ಹಳೇ ಐ3 ಸರ್ವರ್. ಹತ್ತು ಮಷಿನ್ ಒಟ್ಟಿಗೆ ಎದ್ದದ್ದು ನೋಡೋಕೆ ಚಂದವೇ. ಆದರೆ ಸರ್ವರ್‌ನ ಪ್ಲಗ್ ಕಿತ್ತು ಯಾರೋ ಮೊಬೈಲ್ ಚಾರ್ಜರ್ ಹಾಕಿದರೆ ಇಡೀ ಕ್ಲಾಸ್ ಬಂದ್. ಅಲ್ಲಿಯೂ ಈಗ ಎಸ್‌ಎಸ್‌ಡಿಯೇ. ಅದೇ ಊರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನವರೂ ಕೇಳಿದರು. ಅವರದ್ದೆಲ್ಲ ವಿಂಡೋಸ್‌ನ ಪುಟವಿನ್ಯಾಸ ಸಾಫ್ಟ್‌ವೇರ್ ಪೇಜ್‌ಮೇಕರ್ ಮತ್ತು ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಕಡತ. ನಿಮಗೆ ವಿಂಡೋಸೇ ಇರಲಿ ಅಂತ ಕೈಮುಗಿದು ಬಂದೆ. ಓದೋ ಹುಡುಗರಿಗೆ ಆ ಗೋಳಿಲ್ಲ, ಎಲ್ಲ ಕಡೆ ಓದಿಸಿಕೊಳ್ಳೋ ಯುನಿಕೋಡ್ ಅಕ್ಷರ ಸಾಕು. ಅವರಿಗೆ ಕನ್ನಡ ಟೈಪ್ ಮಾಡೋ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೇ ಇದೆ, ಬೂಟ್ ಆದ ಕೂಡಲೇ ಚಾಲೂ ಇರೋ ಹಾಗೆ ಮಾಡಿದ್ದೇನೆ.

2014ರ ಸುಮಾರಿನ, ಇಂಟೆಲ್‌ನ ಬೇ ಟ್ರೇಲ್ ಆಟಮ್ ಪ್ರೊಸೆಸರ್ ಇರೋ ಪುಟಾಣಿ ಲ್ಯಾಪ್‌ಟಾಪ್ ಬಂದರೆ ಮಾತ್ರ ಹುಷಾರು. ಪ್ರೊಸೆಸರ್ 64 ಬಿಟ್, ಆದರೆ ಮಷಿನ್ ಶುರುಮಾಡೋ ಯುಇಎಫ್‌ಐ ಸಾಫ್ಟ್‌ವೇರ್ 32 ಬಿಟ್. ಬೂಟ್‌ಐಎ32 ಇಎಫ್‌ಐ ಫೈಲ್ ಇಲ್ಲದೆ ಅದು ಪೆನ್‌ಡ್ರೈವನ್ನು ಕಣ್ಣೆತ್ತಿ ನೋಡಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಮಷಿನ್ ಮೂರು ಸಾವಿರದ ಹತ್ತಿರ, ಎಸ್‌ಎಸ್‌ಡಿ ಆಗಿನ ದರದಲ್ಲಿ ಸಾವಿರ, ಸೆಲ್, ಪ್ರೊಸೆಸರ್ ತಂಪಿಗೆ ಹಚ್ಚೋ ಪೇಸ್ಟ್, ಒರೆಸೋದು ಎಲ್ಲ ಸೇರಿ ಇನ್ನೂರು. ಮಾರೋದು ಆರರಿಂದ ಆರೂವರೆ ಸಾವಿರಕ್ಕೆ. ವಾಪಸ್ ಬರದ ಕಾರಣ ಲಾಭವಷ್ಟೂ ಕೈಯಲ್ಲೇ ಉಳಿಯುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಆಫೀಸುಗಳಿಂದ ಮಾಲು ಸಿಗೋದೂ ಸಲೀಸಾಗಿದೆ. ಹಳೇ 32 ಬಿಟ್ ಪ್ರೊಸೆಸರ್‌ನ ಪೆಂಟಿಯಮ್ 4 ಮಷಿನ್ ಮಾತ್ರ ತಗೊಳ್ಳೋದು ಬಿಟ್ಟೆ. ದೊಡ್ಡ ಡಿಸ್ಟ್ರೋಗಳಲ್ಲೊಂದಾದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರೇ ಇಲ್ಲ, ಇನ್ನೆಷ್ಟು ದಿನ ಎಳೆಯೋದು? ಕೋರ್ 2 ಡ್ಯುಯೊ ಅಥವಾ ಅದರ ಮುಂದಿನದ್ದು, ಎರಡು ಜಿಬಿ ರ‍್ಯಾಮ್, ಕೆಪಾಸಿಟರ್ ಉಬ್ಬಿರಬಾರದು. ಇಂಥದ್ದು ನಿಮ್ಮ ಹತ್ತಿರ ಗೋಣಿಚೀಲದಲ್ಲಿದ್ದರೂ ಹೇಳಿ, ನಾನೇ ಬಂದು ಒಯ್ಯುತ್ತೇನೆ.