ಮಳೆಗಾಲ, ಸೈಕಲ್ ಚೈನು ಮತ್ತು ನಾನು

ಪುನರ್ವಸು ಮಳೆ ಹಿಡಿದದ್ದು ನಾಲ್ಕು ದಿನ ಬಿಟ್ಟಿರಲಿಲ್ಲ. ಐದನೇ ದಿನ ಬೆಳಿಗ್ಗೆ ಸ್ವಲ್ಪ ಹೊಳವಾಯಿತು, ಡೈರಿಗೆ ಹಾಲು ಹಾಕಿ ಬರೋಣ ಅಂತ ಸೈಕಲ್ ಹೊರಗೆ ತೆಗೆದೆ. ಪೆಡಲು ತುಳಿದರೆ ಕಟಕಟ ಸದ್ದು, ಎರಡು ಸುತ್ತಿಗೊಮ್ಮೆ ಹಲ್ಲು ಜಾರುತ್ತಿದೆ. ಕೂತು ನೋಡಿದರೆ ಚೈನು ಪೂರ್ತಿ ಕಾವಿ ಬಣ್ಣ. ಬಿಚ್ಚಿ ಒಂದು ತುದಿ ಹಿಡಿದೆತ್ತಿದೆ. ಹಗ್ಗದ ಹಾಗೆ ಜೋತುಬೀಳಬೇಕಾದದ್ದು ಮೂರು ಕಡೆ ಮೊಣಕೈ ಮಡಚಿಕೊಂಡು ನಿಂತಿತು.

ಅದರ ಹಿಂದಿನ ವಾರ ದಿನವೂ ಮಳೆಯಲ್ಲೇ ಓಡಿಸಿದ್ದೆ, ಏನೂ ಆಗಿರಲಿಲ್ಲ. ಹಾಳಾದದ್ದು ಕೊಟ್ಟಿಗೆ ಪಕ್ಕ ಸುಮ್ಮನೆ ನಿಂತ ಆ ನಾಲ್ಕು ದಿನದಲ್ಲಿ. ನಮ್ಮದು ತೀರ್ಥಹಳ್ಳಿಯಿಂದ ಮೇಗರವಳ್ಳಿ ಕಡೆ ಬರುವಾಗ ಒಳಗೆ ಸಿಗುವ ಊರು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆ ಇಲ್ಲೇ ಮೇಲೆ. ಜುಲೈನಲ್ಲಿ ಒಣಗಹಾಕಿದ ಪಂಚೆ ಮೂರು ದಿನವಾದರೂ ಒಣಗದು. ಚೈನಿನ ಪಿನ್ನಿಗೂ ಅದರ ಸುತ್ತ ತಿರುಗುವ ರೋಲರಿಗೂ ನಡುವೆ ಸಿಕ್ಕಿಕೊಂಡ ನೀರು ತಾನಾಗಿ ಎಲ್ಲಿ ಒಣಗೀತು? ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಆ ಸಂದಿಯಲ್ಲಿ ಜಾಗವೇ ಇಲ್ಲ, ಹಾಗಾಗಿ ಕೊಂಡಿ ಬಿಗಿದುಕೊಳ್ಳುತ್ತದೆ. ಸಾಲದ್ದಕ್ಕೆ ಕೊಟ್ಟಿಗೆಯ ಪಸೆ ಬೇರೆ. ಗಂಜಳದ ಉಪ್ಪು ತುಕ್ಕನ್ನು ಇನ್ನೂ ಚುರುಕು ಮಾಡುತ್ತದೆ.

ಎಣ್ಣೆ ಹಾಕಿರಲಿಲ್ಲವೇ ಅಂದರೆ, ಹಾಕಿದ್ದೆ. ಮೊದಲು ಕೊಬ್ಬರಿ ಎಣ್ಣೆ. ಚಳಿಗೆ ಅದು ಗಟ್ಟಿಯಾಗಿ ಬೆಣ್ಣೆಯ ಹಾಗೆ ಚೈನಿನ ಮೇಲೇ ಕೂತಿತು. ಆಮೇಲೆ ಬೈಕಿನಿಂದ ಇಳಿಸಿದ ಕರೀ ಆಯಿಲ್ಲು. ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅದರಲ್ಲಿ ಎಂಜಿನ್ ಸವೆದ ಲೋಹದ ಪುಡಿಯಿರುತ್ತದೆ, ಮಸಿಯಿರುತ್ತದೆ, ಆಮ್ಲವೂ ಸೇರಿರುತ್ತದೆ. ಮೂರನೆಯದಾಗಿ ಡಬ್ಲ್ಯುಡಿ-40 ತಂದು ಪುಸಪುಸ ಹೊಡೆದೆ. ಡಬ್ಲ್ಯುಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್, ಅದರ ಹೆಸರೇ ನೀರನ್ನು ಹೊರದೂಡುವುದು ಅಂತ. 1953ರಲ್ಲಿ ಅಮೆರಿಕದಲ್ಲಿ ತಯಾರಾದದ್ದು, ನಲವತ್ತನೇ ಪ್ರಯತ್ನಕ್ಕೆ ಸಿದ್ಧಿಸಿತೆಂದು 40. ನೀರು ತೆಗೆಯುವ ಕೆಲಸ ಅದು ಮಾಡಿತು. ಆಮೇಲೆ ದಪ್ಪ ಎಣ್ಣೆ ಹಾಕಬೇಕಾದವನು ನಾನು, ಹಾಕಲಿಲ್ಲ. ಒಂದು ಜೋರು ಮಳೆಗೆ ಆ ತೆಳು ಪಸೆ ತೊಳೆದುಹೋಯಿತು. ತೀರ್ಥಹಳ್ಳಿಯ ಸೈಕಲ್ ಅಂಗಡಿಯ ಅಜ್ಜ ಚೈನನ್ನು ಬೆರಳಲ್ಲಿ ಮಡಚಿ ನೋಡಿ, "ಮೇಲೆಲ್ಲ ಅಭ್ಯಂಜನ ಮಾಡ್ಸಿದೀರಿ ಮಾರಾಯ್ರೆ, ಒಳಗೆ ಉಪವಾಸ" ಅಂದರು. ಈ ವಿಷಯದಲ್ಲಿ ನಾನು ಕಲಿತದ್ದೆಲ್ಲ ಆ ಮಾತಿನಿಂದ ಶುರುವಾದದ್ದು.

ಈಗ ಮಾಡುವುದು ಹೀಗೆ. ಮನೆಗೆ ಬಂದ ಕೂಡಲೇ, ಕಾಲು ತೊಳೆಯುವ ಮೊದಲೇ, ಹಳೇ ಪಂಚೆ ತುಂಡಿನಲ್ಲಿ ಚೈನು ಹಿಡಿದು ಪೆಡಲನ್ನು ಇಪ್ಪತ್ತು ಮೂವತ್ತು ಸುತ್ತು ಹಿಂದಕ್ಕೆ ತಿರುಗಿಸುತ್ತೇನೆ. ತೀರಾ ಕೆಸರಾಗಿದ್ದರೆ ಚೈನು ಬಿಚ್ಚಿ ಡೀಸೆಲ್ಲಿನಲ್ಲಿ ಅದ್ದಿ ಬ್ರಷ್ಷಿನಲ್ಲಿ ಉಜ್ಜುತ್ತೇನೆ. ಮೊದಲೆಲ್ಲ ಸೀಮೆಎಣ್ಣೆ ಇತ್ತು, ಈಗ ಎಲ್ಲಿ ಸಿಗುತ್ತದೆ? ಸುಲಭವಾಗಿ ಬಿಚ್ಚಿ ಹಾಕಬಹುದಾದ ಕೊಂಡಿ, ಕ್ವಿಕ್ ಲಿಂಕ್, ಹಾಕಿಸಿಕೊಂಡ ಮೇಲೆ ಬಿಚ್ಚುವುದು ಅರ್ಧ ನಿಮಿಷದ ಕೆಲಸ. ಆಮೇಲೆ ಚೈನು ಬಚ್ಚಲೊಲೆ ಹತ್ತಿರ ಹೋಗುತ್ತದೆ. ಇಲ್ಲೂ ಒಮ್ಮೆ ಎಡವಿದ್ದೇನೆ. ಹೊಗೆ ಹೋಗುವ ದಾರಿಯಲ್ಲೇ ನೇತುಹಾಕಿದ್ದೆ, ಮೇಲಿಂದ ಇಲ್ಲಣದ ಮಸಿ, ಕೆಳಗಿಂದ ಹಂಡೆಯ ಹಬೆ, ಬೆಳಿಗ್ಗೆಗೆ ಚೈನು ಬೆವತು ನಿಂತಿತ್ತು. ಈಗ ಎಲ್ಲರ ಸ್ನಾನ ಮುಗಿದ ಮೇಲೆ, ಒಲೆಯ ಬೆನ್ನಿನ ಗೋಡೆಗೆ ಹೊರಗಿನಿಂದ ಮೊಳೆ ಹೊಡೆದು ಅಲ್ಲಿ ನೇತುಹಾಕುತ್ತೇನೆ. ಬೆಳಗಾಗುವಷ್ಟರಲ್ಲಿ ಗರಿಗರಿ ಒಣಗಿರುತ್ತದೆ.

ಎಣ್ಣೆಯ ಸರದಿ ಆಮೇಲೆ. ಒದ್ದೆ ಚೈನಿಗೆ ಎಣ್ಣೆ ಬಿಟ್ಟರೆ ನೀರನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಮರ ಕೊಯ್ಯುವ ಚೈನ್ ಸಾ ಇದ್ದವರ ಮನೆಯಲ್ಲಿ ಅದರ ಬಾರ್ ಆಯಿಲ್ ಇರುತ್ತದಲ್ಲ, ಅಂಟಂಟು, ಬೇಗ ಸಿಡಿಯದು, ಮಳೆಗೂ ಸುಲಭಕ್ಕೆ ಹೋಗದು. ಮಳೆಗಾಲಕ್ಕೆ ನನಗೆ ಅದೇ ಒಗ್ಗಿದೆ. ಇಂಕ್ ಫಿಲ್ಲರಿನಲ್ಲಿ ರೋಲರಿಗೊಂದು ಹನಿ. ನನ್ನ ಚೈನಿನಲ್ಲಿ 114 ಕೊಂಡಿ, 114 ಹನಿ. ಐದು ನಿಮಿಷ ತಿರುಗಿಸಿ, ಒಳಗಿಳಿಯಲು ಬಿಟ್ಟು, ಹೊರಗಿನದನ್ನು ಒರೆಸಿ ತೆಗೆಯಬೇಕು. ಹೊರಗೆ ಹೊಳೆಯುವಷ್ಟು ಎಣ್ಣೆ ಬಿಟ್ಟರೆ ಜಂಬಿಟ್ಟಿಗೆ ಮಣ್ಣು ಹಿಡಿದು ಅರೆಯುವ ಹಿಟ್ಟಾಗುತ್ತದೆ. ಬೇಸಿಗೆಗೆ ಇದು ಬೇಡ, ಹೊಲಿಗೆ ಮಿಷಿನ್ ಎಣ್ಣೆ ಸಾಕು.

ಬಿಗಿದ ಕೊಂಡಿಗೆ ಸುತ್ತಿಗೆ ಬೇಡ. ಎಣ್ಣೆ ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಸ್ವಲ್ಪ ಬಾಗಿಸಿದರೆ ಹೆಚ್ಚಿನವು ಸಡಿಲವಾಗುತ್ತವೆ.

ತುಕ್ಕು ತೆಗೆಯಲು ಹುಳಿ ಒಳ್ಳೆಯದು ಅಂತ ಯಾರೋ ಹೇಳಿದರೆಂದು ಒಮ್ಮೆ ಚೈನನ್ನು ರಾತ್ರಿಯಿಡೀ ಲಿಂಬೆಹುಳಿ ನೀರಲ್ಲಿ ನೆನೆಸಿದ್ದೆ. ಬೆಳ್ಳಿಯ ಹಾಗೆ ಹೊಳೆಯಿತು. ಹದಿನೈದು ದಿನಕ್ಕೆ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಒಂದು ಪಟ್ಟಿ ಬಿರುಕುಬಿಟ್ಟು ಚೈನು ತುಂಡಾಯಿತು, ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಗಟ್ಟಿ ಮಾಡಿದ ಉಕ್ಕು ಆಮ್ಲದಲ್ಲಿದ್ದರೆ ಜಲಜನಕ ಒಳಗೆ ಸೇರಿ ಪೆಡಸಾಗುತ್ತದೆ ಅಂತ ಆಮೇಲೆ ಓದಿದೆ. ಸ್ಕ್ರೂ, ಸ್ಟ್ಯಾಂಡಿಗೆ ಹುಳಿ ಹಚ್ಚಿ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ತೊಳೆಯಿರಿ, ಚೈನಿಗೆ ಮಾತ್ರ ಬೇಡ. ಹಿಂದಿನ ಚಕ್ರದ ಹಲ್ಲುಗಾಲಿ, ಅಂದರೆ ಫ್ರೀವೀಲಿನ ಹಲ್ಲಿನ ಮೇಲೆ ತೆಳುವಾಗಿ ಬಂದ ತುಕ್ಕಿಗೆ ತಲೆಕೆಡಿಸಿಕೊಳ್ಳುವುದೂ ಬೇಡ, ಎರಡು ಕಿಲೋಮೀಟರ್ ಓಡಿಸಿದರೆ ಚೈನೇ ಅದನ್ನು ಉಜ್ಜಿ ತೆಗೆಯುತ್ತದೆ.

ಅಡಿಕೆ ತೋಟದವರಿಗೆ ಒಂದು ವಿಶೇಷ ಮಾತು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಹೊಡೆಯುವ ಹೊತ್ತಿನಲ್ಲಿ ಕ್ಯಾರಿಯರಿನಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣದ ಕ್ಯಾನು ಕಟ್ಟಿಕೊಂಡು ಹೋಗಿದ್ದೆ. ಮುಚ್ಚಳ ಸಡಿಲವಿತ್ತು. ಸಂಜೆ ನೋಡಿದರೆ ಕೆಳಗಿನ ಹಲ್ಲು, ಚೈನಿನ ಪಟ್ಟಿಯೆಲ್ಲ ಕೆಂಪು. ತುಕ್ಕೆಂದು ಉಗುರಲ್ಲಿ ಕೆರೆದೆ, ಪುಡಿ ಬರಲಿಲ್ಲ, ಹೊಸ ಚೊಂಬಿನ ಹಾಗೆ ಹೊಳೆಯಿತು. ತಾಮ್ರ! ಸುಣ್ಣ ಸಾಲದ ಬೋರ್ಡೋದಲ್ಲಿ ಕತ್ತಿ ಅದ್ದಿ ನೋಡುತ್ತೇವಲ್ಲ, ಕತ್ತಿ ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು ಅಂತ. ಅದೇ ಪರೀಕ್ಷೆ ನನ್ನ ಸೈಕಲ್ ಮೇಲೆ ನಡೆದಿತ್ತು. ತಾಮ್ರ ಕೂತ ಕಡೆ ಅಷ್ಟು ಕಬ್ಬಿಣ ಕರಗಿಹೋಗಿರುತ್ತದೆ, ಒದ್ದೆಯಾದಾಗ ಪಕ್ಕದ ಕಬ್ಬಿಣಕ್ಕೆ ತುಕ್ಕೂ ಬೇಗ ಹತ್ತುತ್ತದೆ. ಕೂಡಲೇ ಧಾರಾಳ ನೀರು ಸುರಿದು, ಒಣಗಿಸಿ, ಎಣ್ಣೆ ಬಿಡಬೇಕು. ನಾನು ಮರುದಿನ ತೊಳೆದೆ, ಎರಡು ಹಲ್ಲಿನ ಬುಡದಲ್ಲಿ ಗುಳಿ ಬಿದ್ದಿತ್ತು.

ಕಣ್ಣಿಗೆ ಬೀಳದ ಜಾಗ ಕ್ರ್ಯಾಂಕಿನ ಗೂಡು, ಪೆಡಲುಗಳ ನಡುವಿನ ಅಚ್ಚು ಕೂರುವ ಕೊಳವೆ. ಸೀಟಿನ ಕೊಳವೆಯಿಂದ ಇಳಿದ ನೀರು ಅಲ್ಲಿ ಬಂದು ನಿಲ್ಲುತ್ತದೆ. ಒಂದು ವರ್ಷ ಸೀಟು ಕಳಚಿ ಸೈಕಲ್ ಮಗುಚಿದಾಗ ಅರ್ಧ ಲೋಟ ಕೆಂಪು ನೀರು ಸುರಿಯಿತು. ಅಡಿಯಲ್ಲಿ ನೀರು ಹೋಗಲು ಸಣ್ಣ ತೂತಿತ್ತು, ಕೆಸರು ಕಟ್ಟಿತ್ತು ಅಷ್ಟೆ. ಈಗ ತಿಂಗಳಿಗೊಮ್ಮೆ ತೆಂಗಿನ ಕಡ್ಡಿಯಲ್ಲಿ ಚುಚ್ಚುತ್ತೇನೆ, ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚಿ, ಸಂದಿಗೆ ಹಳೇ ಟ್ಯೂಬಿನ ತುಂಡು ಏರಿಸಿದ್ದೇನೆ.

ಚೈನು ಬದಲಿಸುವುದಕ್ಕೆ ಬಣ್ಣ ನೋಡುವುದಿಲ್ಲ, ಅಳತೆ ನೋಡುತ್ತೇನೆ. 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. ಒಂದಿಂಚಿನ ಹದಿನಾರನೇ ಒಂದು ಪಾಲು ಹೆಚ್ಚಾದರೆ ಹೊಸದು ಹಾಕುವುದು. ಎಂಟನೇ ಒಂದು ಪಾಲಿನವರೆಗೆ ಕಾದರೆ ಫ್ರೀವೀಲಿಗೂ ದುಡ್ಡು ಹೊಂದಿಸಬೇಕು. ಈ ವರ್ಷದ ಚೈನು ಎರಡನೇ ಮಳೆಗಾಲದಲ್ಲಿದೆ, ಮಗಳ ಕಬ್ಬಿಣದ ಸ್ಕೇಲಿನಲ್ಲಿ ಮೊನ್ನೆ ಹಿಡಿದಾಗ ಗೆರೆಗೆ ಗೆರೆ ಕೂತಿತು. ಬಚ್ಚಲ ಗೋಡೆಗೆ ಆಯಿಲ್ ಕಲೆಯಾಯಿತೆಂದು ಅಮ್ಮ ಬೈಯುವುದು ನಿಂತಿಲ್ಲ. ಆದರೂ ಪಂಚೆ ಹರಿದರೆ ತುಂಡು ಮಾಡಿ ಮೊಳೆಗೆ ಸಿಕ್ಕಿಸಿಡುವವರು ಅವರೇ.