ಎರಡು ಲೆಗ್ ಫೈನಲ್ ನೋಡುವವರು ಒಂದು ಚೀಟಿ ಇಟ್ಟುಕೊಳ್ಳಿ

ನಾನು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ರಾತ್ರಿ ಫುಟ್‌ಬಾಲ್ ನೋಡುತ್ತೇನೆ. ಕೆಜಿಎಫ್ ಕಡೆಯ ಹುಡುಗರಿಗೆ ಈ ಆಟ ಹೊಸದಲ್ಲ, ಅವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ. ಕ್ರಿಕೆಟ್ ನೋಡಿ ಬೆಳೆದ ಉಳಿದವರು ಮಾತ್ರ ಕೇಳುತ್ತಲೇ ಇರುತ್ತಾರೆ: "ಫೈನಲ್ ಗೆದ್ದಾಯ್ತಲ್ಲ, ಮತ್ತೆ ಯಾಕೆ ಆಡ್ತಾರೆ?" ಇದು ಅವರಿಗೆ.

ಎರಡು ಲೆಗ್ ಫೈನಲ್ ಅಂದರೆ ಎರಡು ಪಂದ್ಯದ ಫೈನಲ್, ಒಂದೊಂದು ಪಂದ್ಯವೂ ಒಂದು ಲೆಗ್. ಇದನ್ನು 180 ನಿಮಿಷದ ಒಂದೇ ಪಂದ್ಯ ಅಂತ ನೋಡಿ. ಅರ್ಧ ಒಬ್ಬರ ಊರಲ್ಲಿ, ಇನ್ನರ್ಧ ಇನ್ನೊಬ್ಬರ ಊರಲ್ಲಿ. ಎರಡೂ ಕಡೆಯ ಗೋಲು ಕೂಡಿಸಿ, ಜಾಸ್ತಿ ಇದ್ದವರಿಗೆ ಕಪ್. ಹಾಗಾಗಿ ಮೊದಲ ಲೆಗ್ ಮುಗಿದ ತಕ್ಷಣ ಯಾರಿಗೂ ಅಭಿನಂದನೆ ಹೇಳಬೇಡಿ. ಬೆಳಗಿನ ಮೊದಲ ಲಾಟಿನ ರೇಟು ನೋಡಿ ಇಡೀ ದಿನದ ರೇಟು ಹೇಳುವವರನ್ನು ನಮ್ಮ ಮಂಡಿಯಲ್ಲಿ ಯಾರೂ ನಂಬುವುದಿಲ್ಲ. 2004ರ ಏಷ್ಯನ್ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಕೊರಿಯಾದ ಸಿಯೊಂಗ್ನಾಮ್ ತಂಡ ಜೆಡ್ಡಾಕ್ಕೇ ಹೋಗಿ ಅಲ್ಲಿನ ಅಲ್ ಇತ್ತಿಹಾದ್ ತಂಡವನ್ನು 3–1ರಿಂದ ಸೋಲಿಸಿತು. ಕಥೆ ಮುಗಿಯಿತು ಅಂದುಕೊಳ್ಳುವಾಗ ಇತ್ತಿಹಾದ್ ಕೊರಿಯಾಕ್ಕೆ ಹೋಗಿ 5–0 ಹೊಡೆದು ಬಂತು. 1988ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ ಫೈನಲ್‌ನ ಮೊದಲ ಲೆಗ್ ಅನ್ನು ಸ್ಪೇನಿನ ಎಸ್ಪಾನ್ಯೋಲ್ 3–0 ಗೆದ್ದಿತ್ತು. ಜರ್ಮನಿಯ ಲೆವರ್ಕುಸೆನ್ ತನ್ನೂರಲ್ಲಿ ಅಷ್ಟೇ ಗೋಲು ವಾಪಸ್ ಕೊಟ್ಟು ಪೆನಾಲ್ಟಿಯಲ್ಲಿ ಕಪ್ ಎತ್ತಿತು.

ಆಮೇಲೆ ನಿಯಮ ವಿಚಾರಿಸಿ. ಕೂಡಿಸಿದಾಗ ಸಮ ಬಂದರೆ ಏನು ಮಾಡುತ್ತಾರೆ? ಕೆಲವು ಟೂರ್ನಿಗಳಲ್ಲಿ 'ಅವೇ ಗೋಲ್' (away goal) ಲೆಕ್ಕ ಇರುತ್ತದೆ, ಅಂದರೆ ಎದುರಾಳಿ ಊರಲ್ಲಿ ಜಾಸ್ತಿ ಗೋಲು ಹೊಡೆದವರು ಗೆದ್ದಂತೆ. 2013ರ ಏಷ್ಯನ್ ಫೈನಲ್‌ನಲ್ಲಿ ಕೊರಿಯಾದ ಎಫ್‌ಸಿ ಸಿಯೋಲ್ ಊರಲ್ಲಿ 2–2, ಚೀನಾದ ಗ್ವಾಂಗ್‌ಝೌನಲ್ಲಿ 1–1. ಯಾರೂ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ಕಪ್ ಮಾತ್ರ ಗ್ವಾಂಗ್‌ಝೌಗೆ ಹೋಯಿತು! ಯುರೋಪಿನವರು ಈ ನಿಯಮವನ್ನು 2021ರಲ್ಲಿ ತೆಗೆದುಹಾಕಿದರು. ಒಂದೇ ಟೂರ್ನಿಯ ಒಳಗೂ ಇದು ಬದಲಾಗಬಹುದು. ದಕ್ಷಿಣ ಅಮೆರಿಕದ ಕ್ಲಬ್‌ಗಳ 2018ರ ಕೋಪಾ ಲಿಬರ್ಟಡೋರೆಸ್ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾದ ರಿವರ್ ಪ್ಲೇಟ್ ಉಳಿದದ್ದೇ ಅವೇ ಗೋಲಿನಿಂದ. ಫೈನಲ್‌ಗೆ ಬಂದರೆ ಆ ಲೆಕ್ಕವೇ ಇರಲಿಲ್ಲ.

ಈಗ ಚೀಟಿ. ಎರಡನೇ ಲೆಗ್ ಶುರುವಾಗುವ ಮುಂಚೆ ಬರೆದಿಡಬೇಕು, ಆಟದ ಮಧ್ಯೆ ತಲೆ ಓಡುವುದಿಲ್ಲ. ನಾನು ಹಳೇ ಬಿಲ್ಲಿನ ಹಿಂಬದಿಯಲ್ಲೇ ಬರೆಯುತ್ತೇನೆ. 2025ರ ಆಫ್ರಿಕನ್ ಚಾಂಪಿಯನ್ಸ್ ಲೀಗ್ ಫೈನಲ್ ತೆಗೆದುಕೊಳ್ಳಿ. ಪ್ರಿಟೋರಿಯಾದಲ್ಲಿ ಮಮೆಲೋಡಿ ಸನ್‌ಡೌನ್ಸ್ 1–0 ಮುಂದಿತ್ತು, 90 ನಿಮಿಷದ ಮೇಲೆ ಕೊಡುವ ಇಂಜುರಿ ಟೈಮ್‌ನಲ್ಲಿ ಈಜಿಪ್ಟಿನ ಪಿರಮಿಡ್ಸ್ ಸಮ ಮಾಡಿತು. ಅವೇ ಗೋಲ್ ನಿಯಮ ಇತ್ತು. ಚೀಟಿಯಲ್ಲಿ ಬರುವುದು ಹೀಗೆ: ಕೈರೋದಲ್ಲಿ 0–0 ಆದರೆ ಪಿರಮಿಡ್ಸ್‌ಗೆ ಕಪ್. 1–1 ಆದರೆ ಪೂರ್ತಿ ಸಮ. 2–2 ಆದರೆ ಸನ್‌ಡೌನ್ಸ್‌ಗೆ.

ಮೂರೇ ಸಾಲು, ಆದರೆ ಇದು ಕೈಲಿದ್ದರೆ ಆಟವೇ ಬೇರೆ ಥರ ಕಾಣುತ್ತದೆ. ಕೈರೋದಲ್ಲಿ ಪಿರಮಿಡ್ಸ್ 2–0 ಮುಂದೆ ಹೋಯಿತು. 75ನೇ ನಿಮಿಷಕ್ಕೆ ಸನ್‌ಡೌನ್ಸ್ ಒಂದು ಹೊಡೆದು 2–1 ಮಾಡಿತು. ಸುಮ್ನೆ ಸ್ಕೋರ್ ನೋಡಿದವರು, ಇನ್ನೊಂದು ಬಂದರೆ ಸಮ ಆಗುತ್ತದೆ, ಆಟ ಮುಂದುವರಿಯುತ್ತದೆ ಅಂದುಕೊಳ್ಳುತ್ತಾರೆ. ಚೀಟಿ ನೋಡಿ: ಇನ್ನೊಂದು ಬಂದರೆ 2–2, ಕಪ್ ನೇರವಾಗಿ ದಕ್ಷಿಣ ಆಫ್ರಿಕಾಕ್ಕೆ! ಮುಂದಿದ್ದ ತಂಡ ಕೊನೆಯ ಕಾಲು ಗಂಟೆ ಯಾಕೆ ಚೆಂಡನ್ನು ಸಿಕ್ಕ ಕಡೆ ಒದೆಯುತ್ತದೆ, ಗೋಲ್‌ಕೀಪರ್ ಯಾಕೆ ಆರಾಮಾಗಿ ಶೂ ಲೇಸ್ ಕಟ್ಟಿಕೊಳ್ಳುತ್ತಾನೆ, ಎಲ್ಲ ಅರ್ಥವಾಗುತ್ತದೆ. ಕೊನೆಗೆ 2–1ಕ್ಕೇ ನಿಂತಿತು, ಪಿರಮಿಡ್ಸ್ ಒಟ್ಟು 3–2ರಿಂದ ಗೆದ್ದಿತು. ನನ್ನ ಪ್ರಕಾರ ಇಂಥ ಕಾಲು ಗಂಟೆ ಒಂದೇ ಪಂದ್ಯದ ಫೈನಲ್‌ನಲ್ಲಿ ಸಿಗುವುದಿಲ್ಲ. ಆದರೂ ಯುಇಎಫ್‌ಎ ಕಪ್ 1997ರ ನಂತರ, ಲಿಬರ್ಟಡೋರೆಸ್ 2018ರ ನಂತರ, ಏಷ್ಯಾದ ಲೀಗ್ 2024ರ ನಂತರ ಈ ಪದ್ಧತಿ ಬಿಟ್ಟವು. ದೊಡ್ಡ ಸ್ಟೇಡಿಯಂ ಬಾಡಿಗೆಗೆ ಹಿಡಿದು ಒಂದೇ ರಾತ್ರಿಯಲ್ಲಿ ಮುಗಿಸುವುದು ಅವರಿಗೆ ಸುಲಭ, ಅಲ್ವಾ?

ಕೊನೆಗೆ ದಿನಾಂಕ. ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ. 2018ರ ಅದೇ ಲಿಬರ್ಟಡೋರೆಸ್ ಫೈನಲ್‌ನಲ್ಲಿ ಒಂದೇ ಊರಿನ ಬೋಕಾ–ರಿವರ್ ತಂಡಗಳ ಮೊದಲ ಲೆಗ್ ಮಳೆಯಿಂದ ಒಂದು ದಿನ ಮುಂದೆ ಹೋಯಿತು. ಎರಡನೇ ಲೆಗ್‌ಗೆ ಬರುತ್ತಿದ್ದ ಬೋಕಾ ಬಸ್ಸಿನ ಮೇಲೆ ಕಲ್ಲು ಬಿದ್ದು, ಪಂದ್ಯ ಬ್ಯೂನಸ್ ಐರಿಸ್‌ನಿಂದ ಮ್ಯಾಡ್ರಿಡ್‌ಗೇ ಹೋಯಿತು. ಅಲ್ಲಿ ಡಿಸೆಂಬರ್ 9, ನಮಗೆ 9ರ ಮಧ್ಯರಾತ್ರಿ ಕಳೆದು 10ರ 1 ಗಂಟೆ. ಅಲಾರಂ ಇಡುವಾಗ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಸೇರಿಸಿ ಒಂದು ಗಂಟೆ ಜಾಸ್ತಿ ಹಿಡಿಯಿರಿ. ಆ ಪಂದ್ಯ 120 ನಿಮಿಷ ದಾಟಿ, ರಿವರ್ 3–1 ಗೆದ್ದ ಮೇಲೆ ಮಲಗುವುದಕ್ಕೆ ಹೊತ್ತಿರಲಿಲ್ಲ. ಮುಖ ತೊಳೆದು ಮಂಡಿಗೆ ಹೋದೆ.