ಒಂದು ಸೆಂಟಿಮೀಟರ್ ಘನ, ಮೂರು ರಂಧ್ರ

ವಿದ್ಯುದಂಶವಿಲ್ಲದ, ಬಹಳ ಅಪರೂಪಕ್ಕೆ ಬಡಿಯುವ ನ್ಯೂಟ್ರಿನೊ ಎಂಬ ಕಣಗಳನ್ನು ಜಪಾನಿನ ಟೋಕಾಯ್‌ನಿಂದ ಕಾಮಿಯೋಕಾಗೆ ಕಳಿಸಿ ಅಳೆಯುವ ಟಿ2ಕೆ ಪ್ರಯೋಗಕ್ಕೆ, ಟೋಕಾಯ್‌ನಲ್ಲಿ ಇಡಲು ಸೂಪರ್ ಎಫ್‌ಜಿಡಿ ಎಂಬ ಹೊಸ ಡಿಟೆಕ್ಟರ್ ರೂಪಿಸುವಾಗ, ಸಿಮ್ಯುಲೇಷನ್ ಮತ್ತು ಜೋಡಣೆಯ ಪರೀಕ್ಷೆಯಲ್ಲಿ ನನಗೂ ಒಂದು ಪಾಲಿತ್ತು. ಸಿಂಟಿಲೇಟರನ್ನು, ಅಂದರೆ ವಿದ್ಯುದಂಶವಿರುವ ಕಣ ಹಾಯ್ದಾಗ ಬೆಳಕು ಸೂಸುವ ಪ್ಲಾಸ್ಟಿಕನ್ನು, ಎಷ್ಟು ಸಣ್ಣದಾಗಿ ತುಂಡರಿಸಬೇಕು ಎಂಬುದೇ ನಮ್ಮ ಮುಂದಿದ್ದ ಮೊದಲ ಪ್ರಶ್ನೆ.

ಹಳೆಯ ಡಿಟೆಕ್ಟರಿನಲ್ಲಿ ಸುಮಾರು ಒಂದು ಸೆಂ.ಮೀ. ದಪ್ಪದ ಉದ್ದನೆಯ ಪಟ್ಟಿಗಳಿದ್ದವು. ಪಟ್ಟಿಯ ಗುಂಟ ಓಡುವ ಕಣದ ದಾರಿ ಅದರಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ನ್ಯೂಟ್ರಿನೊ ಬಡಿದಾಗ ಹೊರಬೀಳುವ ಪ್ರೋಟಾನಿನ ಸಂವೇಗ 300 ಎಂಇವಿ/ಸಿಯಷ್ಟೇ (ಇದು ಕಣಗಳ ಸಂವೇಗದ ಮಾನ) ಇದ್ದರೆ ಅದು ಪ್ಲಾಸ್ಟಿಕ್‌ನಲ್ಲಿ ಸುಮಾರು ಎರಡು ಸೆಂ.ಮೀ. ಸಾಗಿ ನಿಂತುಬಿಡುತ್ತದೆ, ಅದರ ಬೆಳಕು ಜೊತೆಗೇ ಹೊರಬೀಳುವ ಮ್ಯುಯಾನಿನ (ಎಲೆಕ್ಟ್ರಾನಿನಂಥದೇ, ಆದರೆ ಭಾರವಾದ ಕಣ) ಬೆಳಕಿನೊಳಗೆ ಬೆರೆತುಹೋದರೆ ನ್ಯೂಟ್ರಿನೊದ ಶಕ್ತಿಯ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಒಂದು ಸೆಂ.ಮೀ. ಘನಗಳನ್ನು ಮಾಡಿ, ಪ್ರತಿ ಘನದ ಮೂಲಕ ಮೂರು ದಿಕ್ಕಿನಲ್ಲಿ ಬೆಳಕನ್ನು ಹೊರಗೆ ಒಯ್ಯುವ ಫೈಬರ್ ಹಾಯಿಸಿ, ಒಂದೇ ಘಟನೆಯನ್ನು ಮೂರು ಕಡೆಯಿಂದ ನೋಡುವುದು ಎಂದಾಯಿತು.

ಅರ್ಧ ಸೆಂ.ಮೀ. ಏಕಾಗಬಾರದು ಎಂದು ನಾನು ಬಹಳ ದಿನ ಲೆಕ್ಕ ಹಾಕಿದೆ. 192×182×56 ಜೋಡಣೆಗೆ 19,56,864 ಘನಗಳೂ 55,888 ಫೈಬರ್‌ಗಳೂ ಬೇಕು; ಅಳತೆಯನ್ನು ಅರ್ಧಕ್ಕಿಳಿಸಿದರೆ ಘನಗಳು ಎಂಟು ಪಟ್ಟು, ಫೈಬರ್‌ಗಳು ನಾಲ್ಕು ಪಟ್ಟು ಆಗುತ್ತವೆ, ಆದರೆ ಪ್ರತಿ ಘನದಲ್ಲಿ ಕಣ ಸಾಗುವ ದೂರ ಕಡಿಮೆಯಾಗುವುದರಿಂದ ಹುಟ್ಟುವ ಬೆಳಕೂ ಅರ್ಧವಾಗುತ್ತದೆ. ಇದಲ್ಲದೆ ಘನದ ಒಂದೊಂದು ಮುಖದಿಂದ ಪಕ್ಕದ ಘನಕ್ಕೆ ಸುಮಾರು ನೂರಕ್ಕೆ ಮೂರರಷ್ಟು ಬೆಳಕು ಸೋರುತ್ತದೆ, ಅದನ್ನೂ ಶಕ್ತಿಯ ಲೆಕ್ಕದಲ್ಲಿ ಹಿಡಿಯಲೇಬೇಕು.

ಆದರೆ ನನಗೆ ನಿಜವಾಗಿ ಪಾಠ ಕಲಿಸಿದ್ದು ರಂಧ್ರ. ರಂಧ್ರದ ವ್ಯಾಸ 1.5 ಮಿ.ಮೀ., ಫೈಬರಿನದು 1 ಮಿ.ಮೀ. ಪ್ರತಿ ಘನದ ಅಳತೆಯಲ್ಲಿ 0.03 ಮಿ.ಮೀ. ವ್ಯತ್ಯಾಸ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂದು ಎರಡೂ ಕಡೆಗಿದ್ದರೆ 192 ಘನಗಳ ಸಾಲಿನ ಕೊನೆಯಲ್ಲಿ ಅದು ಸುಮಾರು 0.4 ಮಿ.ಮೀ.ಗೆ ನಿಲ್ಲುತ್ತದೆ; ಎಲ್ಲವೂ ಒಂದೇ ಕಡೆಗಿದ್ದರೆ ಆರು ಮಿ.ಮೀ. ಸಮೀಪಿಸುತ್ತದೆ. ಪ್ರಯೋಗಾಲಯದಲ್ಲಿ ನಾವು ಘನಗಳಿಂದ ಕಟ್ಟಿದ ಸಣ್ಣ ಮಾದರಿಯೊಂದರಲ್ಲಿ ಎರಡು ದಿಕ್ಕಿನ ಫೈಬರ್ ಸಲೀಸಾಗಿ ಹೋಯಿತು, ಮೂರನೆಯದು ನಡುವೆ ಸಿಕ್ಕಿಕೊಂಡಿತು. ನಾನು ಒತ್ತಿದೆ. ಹೊರತೆಗೆದು ನೋಡಿದರೆ ಫೈಬರಿನ ಮೈಮೇಲೆ ಉದ್ದಕ್ಕೂ ಗೀರು, ಅದರಿಂದ ಬರುವ ಬೆಳಕೂ ಕುಗ್ಗಿತ್ತು.

ಆಮೇಲೆ ಪ್ರತಿ ಘನಕ್ಕೂ ಅಳತೆಯ ಸೂಜಿ ತೂರಿಸಿ ಆರಿಸುವುದನ್ನು ರೂಢಿ ಮಾಡಿಕೊಂಡೆವು. ಡಿಟೆಕ್ಟರಿನ ಜೋಡಣೆಗೂ 1.3 ಮಿ.ಮೀ. ದಪ್ಪದ ಗಾಳದ ದಾರವೇ ಆಧಾರವಾಯಿತು: ಘನಗಳನ್ನು ಮೊದಲು ಅದರಲ್ಲಿ ಪೋಣಿಸಿ, ಪದರದ ಮೇಲೆ ಪದರವಿಟ್ಟು ರಂಧ್ರಗಳು ಒಂದೇ ಗೆರೆಗೆ ಬಂದ ಮೇಲೆ, ಒಂದು ದಾರವನ್ನು ಎಳೆದು ಆ ಜಾಗಕ್ಕೆ ಒಂದು ಫೈಬರ್ ತೂರಿಸುವುದು.